ಬುರುಡೆ ಬಿಡದೆ ಹೇಳುವ ಬುರುಡೆ ಲೆಕ್ಕ

ಸೋರೆಬುರುಡೆಯಿಂದ ದೀಪ, ಗೊಂಬೆ, ಹಕ್ಕಿಗೂಡು ಮಾಡಿ ಮೈಸೂರು ಪೇಟೆಯಲ್ಲಿ ಮಾರುವ ಕೆಲಸಕ್ಕೆ ಕೈಹಾಕಿ ಏಳು ವರ್ಷ ದಾಟಿತು. 'ಒಣಗಿದ ಸೋರೆಕಾಯಿಗೆ ಸಾವಿರ ರೂಪಾಯಿ ಅಂತೆ' ಅನ್ನೋ ಸುದ್ದಿ ಕೇಳಿ ಆಸೆಪಟ್ಟು ತೋಟಕ್ಕೆ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಬಂದವರಿಗೆಲ್ಲ ನಾನು ಮೊದಲು ತೋರಿಸೋದು ದೀಪ ಅಲ್ಲ, ನನ್ನಾಕೆಯ ಹಾಲಿನ ಲೆಕ್ಕದ ಪುಸ್ತಕ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾವು ಕಳೆದುಕೊಂಡದ್ದನ್ನು ನೀವೂ ಕಳೆದುಕೊಳ್ಳಬಾರದು ಅನ್ನೋದೇ ಈ ಬರಹದ ಉದ್ದೇಶ.

ನಮ್ಮದು ಮೈಸೂರು–ಎಚ್.ಡಿ. ಕೋಟೆ ರಸ್ತೆಯ ಜಯಪುರದ ಕಡೆ ಎರಡು ಎಕರೆ ಹತ್ತು ಗುಂಟೆ. ಒಂದೆಕರೆ ರಾಗಿ, ಅದರೊಳಗೆ ಅವರೆ, ಉಳಿದದ್ದರಲ್ಲಿ ತೆಂಗು, ತರಕಾರಿ. ಎರಡು ಹಸು. ಮನೆಯಲ್ಲಿ ನಾನು, ನನ್ನಾಕೆ, ಅವ್ವ, ಓದುವ ಇಬ್ಬರು ಮಕ್ಕಳು. ಪಕ್ಕದ ಮನೆಯಲ್ಲೇ ತಂಗಿ.

ಶುರುವಾದದ್ದು ಹೀಗೆ

ಬುರುಡೆ ನಮಗೆ ಹೊಸದೇನಲ್ಲ. ನಮ್ಮ ತಾತ ಹೊಲಕ್ಕೆ ನೀರು ಒಯ್ಯುತ್ತಿದ್ದದ್ದು ಬುರುಡೆಯಲ್ಲೇ. ಬಿತ್ತನೆ ಬೀಜವನ್ನೂ ಬುರುಡೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ ಏರಿಸುತ್ತಿದ್ದರು. ವೀಣೆಗೂ ಬುರುಡೆ ಬೇಕು, ಕಿನ್ನರಿ ಜೋಗಿಗಳ ಕಿನ್ನರಿಗೂ ಬೇಕು. ಆಫ್ರಿಕಾ ಮೂಲದ ಈ ಬಳ್ಳಿಯನ್ನು ಮನುಷ್ಯ ಪಾತ್ರೆಗಾಗಿ ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದಾನೆ. ಪ್ಲಾಸ್ಟಿಕ್ ಕೊಡ ಬಂದ ಮೇಲೆ ನಮ್ಮ ಹಿತ್ತಲಿನಿಂದ ಮಾಯವಾಯಿತು, ಅಷ್ಟೆ.

2018ರಲ್ಲಿ ಮೈಸೂರಿನ ಒಂದು ಮೇಳದಲ್ಲಿ ಬುರುಡೆ ದೀಪ ನೋಡಿದೆ. ಸಣ್ಣ ಸಣ್ಣ ತೂತು ಕೊರೆದು ಒಳಗೆ ಬಲ್ಬು ಇಟ್ಟಿದ್ದರು. ಗೋಡೆ ತುಂಬ ನೆರಳಿನ ರಂಗೋಲಿ. ಮೈಸೂರಿನಲ್ಲಿ 'ಕೃಷಿಕಲಾ' ಅನ್ನೋ ಹೆಸರಲ್ಲಿ ಸೀಮಾ ಪ್ರಸಾದ್ ಅವರು ಈ ಕಲೆಯನ್ನು ಹೆಂಗಸರಿಗೆ ಕಲಿಸಿ, ರೈತರಿಂದ ಬುರುಡೆ ಬೆಳೆಸಿ, ಪೇಟೆ ಹುಡುಕುವ ಕೆಲಸ ಮಾಡುತ್ತಿದ್ದಾರೆ. ಬುರುಡೆಗೆ ಮತ್ತೆ ಬೆಲೆ ಬಂದಿದೆ ಅನ್ನೋದು ನನ್ನ ತಲೆಗೆ ಹೊಕ್ಕಿತು. ನೆಂಟರ ಮನೆಯಿಂದ ನಾಲ್ಕು ಆಕಾರದ ಬೀಜ ತಂದು ಐದು ಗುಂಟೆಗೆ ಚಪ್ಪರ ಹಾಕಿದೆ.

ಬೆಳೆಯೋದೇ ಅರ್ಧ ಕೆಲಸ

ಆ ವರ್ಷ 210 ಕಾಯಿ ಬಿಟ್ಟವು. ಕೊನೆಗೆ ಕೆಲಸಕ್ಕೆ ಬಂದದ್ದು 118. ಊಜಿ ನೊಣ ಚುಚ್ಚಿ ಕೊಳೆತದ್ದು 38. ಅವಸರಕ್ಕೆ ಹಸಿರಿರುವಾಗಲೇ ಕಿತ್ತು ಸುಕ್ಕುಗಟ್ಟಿದ್ದು 40. ಚಿಪ್ಪು ತೆಳುವಾಗಿ ಒಡೆದದ್ದು 14. ಇದರಿಂದ ಕಲಿತ ಪಾಠ ಇಷ್ಟು:

ಜೂನ್‌ನಲ್ಲಿ ಬೀಜ ಹಾಕಿದರೆ ಕಾಯಿ ಬಲಿಯುವ ಹೊತ್ತಿಗೆ ಹಿಂಗಾರು ಮಳೆ ಹಿಡಿಯುತ್ತದೆ. ಈಗ ಆಗಸ್ಟ್ ಕೊನೆಗೆ ಹಾಕುತ್ತೇನೆ, ಸ್ವಲ್ಪ ನೀರು ಕೊಟ್ಟರೆ ಜನವರಿ–ಫೆಬ್ರವರಿ ಒಣ ಹವೆಯಲ್ಲಿ ಬಲಿಯುತ್ತವೆ.

ಚಪ್ಪರದಲ್ಲಿ ನೇತಾಡಿದ ಕಾಯಿಗೆ ಕತ್ತು ನೆಟ್ಟಗೆ ಬರುತ್ತದೆ. ನೆಲದ ಮೇಲೆ ಹಬ್ಬಿಸಿದರೆ ಕತ್ತು ಸೊಟ್ಟ, ಮಣ್ಣು ತಾಗಿದ ಕಡೆ ಕಲೆ. ಬಳ್ಳಿಗೆ ಐದಾರು ಕಾಯಿ ಉಳಿಸಿ ಮಿಕ್ಕದ್ದನ್ನು ಎಳೆಯದರಲ್ಲೇ ಸಾರಿಗೆ ಕಿತ್ತರೆ ಚಿಪ್ಪು ದಪ್ಪ ಬರುತ್ತದೆ ಅನ್ನೋದು ನಮ್ಮ ಅನುಭವ. ಒಂದು ಎಚ್ಚರಿಕೆ: ಸಾರಿನ ಸೋರೆ ಕಹಿಯಿದ್ದರೆ ತಿನ್ನಲೇಬೇಡಿ, ಅದು ವಿಷ.

ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿ, ಜೊತೆಗೆ ನೊಣದ ಮೋಹಕ ಬಲೆ ತೂಗುಹಾಕಿದ ಮೇಲೆ ಊಜಿ ಕಾಟ ಹತೋಟಿಗೆ ಬಂತು.

ಸೋರೆ ಹೂ ಅರಳೋದು ಸಂಜೆ. ಹತ್ತಿರ ಹತ್ತಿರ ಬೇರೆ ಆಕಾರದ ಬಳ್ಳಿ ಇದ್ದರೆ ಬೀಜ ಬೆರಕೆಯಾಗುತ್ತದೆ. ಬೀಜಕ್ಕೆ ಬೇಕಾದ ಹೂವಿಗೆ ಸಂಜೆ ಹೊತ್ತಲ್ಲಿ ಅದೇ ಜಾತಿಯ ಗಂಡು ಹೂ ಒರೆಸಿ, ಬಾಯಿ ಮುಚ್ಚಿ ದಾರ ಕಟ್ಟಿ. ಬುಡದಲ್ಲಿ ಪುಟ್ಟ ಕಾಯಿ ಇರೋದು ಹೆಣ್ಣು ಹೂ.

ತೊಟ್ಟು ಒಣಗಿ ಕಂದು ಬಣ್ಣಕ್ಕೆ ಬರುವ ತನಕ ಕೀಳಬೇಡಿ. ಕಿತ್ತ ಮೇಲೆ ಗಾಳಿಯಾಡುವ ನೆರಳಿನಲ್ಲಿ ಒಂದಕ್ಕೊಂದು ತಾಗದಂತೆ ಇಡಿ. ಸಣ್ಣದಕ್ಕೆ ಒಂದು ತಿಂಗಳು, ದೊಡ್ಡದಕ್ಕೆ ಮೂರು ತಿಂಗಳೂ ಬೇಕು. ಮೇಲೆ ಬೂಷ್ಟು ಬಂದರೆ ಹೆದರಬೇಡಿ, ಚಿಪ್ಪು ಗಟ್ಟಿಯಿದ್ದರೆ ಸಾಕು. ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಒಣಗಿದೆ ಅಂತ. ಆಮೇಲೆ ನೀರಲ್ಲಿ ನೆನೆಸಿ, ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದರೆ ಮೇಲಿನ ಪೊರೆ ಬಿಡುತ್ತದೆ.

ದಸರಾದ ಖುಷಿ

2019ರ ದಸರಾ ಹೊತ್ತಿಗೆ ನಗರದ ಒಂದು ಕರಕುಶಲ ಮೇಳದಲ್ಲಿ ನಮಗೂ ಮಳಿಗೆ ಸಿಕ್ಕಿತು. ದೀಪಕ್ಕೆ 450 ರೂಪಾಯಿ ಇಟ್ಟೆವು. ವೈರು, ಹೋಲ್ಡರ್, ಎಲ್‌ಇಡಿ ಬಲ್ಬಿಗೆ 110, ಬಣ್ಣ–ವಾರ್ನಿಶ್‌ಗೆ 35, ಉಪ್ಪುಕಾಗದ, ಬ್ಲೇಡಿಗೆ 15. ಒಟ್ಟು 160 ಖರ್ಚು, 290 ಲಾಭ ಅಂತ ನನ್ನ ಲೆಕ್ಕ. ಹತ್ತು ದಿನದಲ್ಲಿ 37 ದೀಪ ಹೋದವು. ರಾತ್ರಿ ಕೊನೇ ಬಸ್ಸಲ್ಲಿ ಬರುವಾಗ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಪಕ್ಕದ ಮಳಿಗೆಯಲ್ಲಿ ಒಬ್ಬರು ಹಿರಿಯರು ಬೀಟೆ ಮರದ ಇನ್‌ಲೇ ಕೆಲಸದವರು. ಮೈಸೂರು ಅರಮನೆಯ ಬೀಟೆ ಬಾಗಿಲುಗಳಲ್ಲಿ ದಂತ ಕೂರಿಸಿದ ಕೆಲಸ ನೀವು ನೋಡಿರಬಹುದು, ಅದೇ ಜಾತಿಯ ಕೆಲಸ. ಈಗ ದಂತ ನಿಷೇಧ, ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸುತ್ತಾರೆ. ಮೈಸೂರು ಇನ್‌ಲೇ ಅಂತ ಭೌಗೋಳಿಕ ಗುರುತೂ ಸಿಕ್ಕಿದೆ. ಅವರು ನಮ್ಮ ದೀಪ ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೇಳಿದರು: "ತಮ್ಮಾ, ಇದಕ್ಕೆ ಎಷ್ಟು ಗಂಟೆ ಹಿಡೀತು?"

"ಗಂಟೆ ಯಾರು ನೋಡ್ತಾರೆ ಸಾಬ್ರೇ, ಮನೆ ಕೆಲಸದ ಮಧ್ಯೆ ಮಾಡೋದು," ಅಂತ ನಕ್ಕೆ.

ಅವರು ನಗಲಿಲ್ಲ. "ನಮ್ಮಪ್ಪನೂ ಹಂಗೇ ಅಂತಿದ್ರು. ಅದಕ್ಕೇ ನನ್ನ ಮಗ ಈ ಕೆಲಸಕ್ಕೆ ಬರಲಿಲ್ಲ," ಅಂದರು.

ಆ ಮಾತು ಆಗ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನೂರೈವತ್ತು ದೀಪದ ಆರ್ಡರ್

ಮೇಳ ಮುಗಿದ ವಾರದಲ್ಲೇ ಒಬ್ಬ ವ್ಯಾಪಾರಿ ಮನೆಗೇ ಬಂದರು. ಉಡುಗೊರೆ ಕೊಡಲು 150 ದೀಪ ಬೇಕು, ದೀಪಕ್ಕೆ 400, ನವೆಂಬರ್ ಕೊನೆಗೆ ಕೊಡಬೇಕು. ಒಟ್ಟು 60,000 ರೂಪಾಯಿ. 15,000 ಮುಂಗಡ ಮೇಜಿನ ಮೇಲಿಟ್ಟರು. ಅಷ್ಟು ದುಡ್ಡು ಒಟ್ಟಿಗೆ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ನನ್ನಾಕೆ ಒಳಗಿನಿಂದ "ರಾಗಿ ಕಟಾವು ಐತೆ ಕಣ್ರೀ" ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ನಮ್ಮಲ್ಲಿ ಉಳಿದದ್ದು 118ರಲ್ಲಿ ಮಾರಿದ 37, ಕಲಿಯುವಾಗ ಹಾಳಾದ 11 ಕಳೆದು 70 ಬುರುಡೆ. ಇನ್ನೂ 80 ಬೇಕು. ಆ ವರ್ಷದ ಬೆಳೆ ಇನ್ನೂ ಚಪ್ಪರದಲ್ಲೇ ಇತ್ತು. ಅರ್ಧ ಬಲಿತದ್ದನ್ನು ಕಿತ್ತು, ಒಲೆಯ ಮೇಲಿನ ಅಟ್ಟಕ್ಕೆ ಹಾಕಿ, ಬಿಸಿಲಿಗಿಟ್ಟು, ಹೇಗೋ ಒಣಗಿಸಿದೆವು. ನಾನು, ನನ್ನಾಕೆ, ತಂಗಿ ಮೂವರೂ 45 ದಿನ ದಿನಕ್ಕೆ ಹತ್ತು ಗಂಟೆ ಕೂತೆವು. ಹಗಲು ಹಸು, ಅಡುಗೆ. ಉಳಿದ ಹೊತ್ತೆಲ್ಲ ಬುರುಡೆ. ರಾತ್ರಿ ಒಂದು ಗಂಟೆಗೂ ಡ್ರಿಲ್ಲಿಂಗ್ ಮಿಷನ್ ಸದ್ದು. ಮೂಗಿಗೆ ಬಟ್ಟೆ ಕಟ್ಟಿರಲಿಲ್ಲ. ಬುರುಡೆಯ ಒಳಗಿನ ದೂಳು, ಬೂಷ್ಟು ಎರಡೂ ಎದೆಗೆ ಕೆಟ್ಟದ್ದು. ನನ್ನಾಕೆಗೆ ಕೆಮ್ಮು ಹಿಡಿದದ್ದು ಎರಡು ತಿಂಗಳು ಬಿಡಲಿಲ್ಲ. ಅವಳ ಬಲಗೈ ಮಣಿಕಟ್ಟು ಇವತ್ತಿಗೂ ಚಳಿಗಾಲದಲ್ಲಿ ನೋಯುತ್ತದೆ.

ಹೊಲದಲ್ಲಿ ರಾಗಿ ಹಣ್ಣಾಗಿ ನಿಂತಿತ್ತು. ಕೊಯ್ಯುವವರು ಸಿಗಲಿಲ್ಲ, ನಮಗೆ ಪುರಸೊತ್ತಿಲ್ಲ. 12 ದಿನ ತಡವಾಯಿತು. ಅಷ್ಟರಲ್ಲಿ ಎರಡು ದಿನ ಮಳೆ ಹಿಡಿದು ತೆನೆ ಮಲಗಿತು. ಹನ್ನೊಂದು ಕ್ವಿಂಟಲ್ ಆಗುತ್ತಿದ್ದ ಹೊಲದಲ್ಲಿ ಆರು ಕ್ವಿಂಟಲ್ ಸಿಕ್ಕಿತು. ಹುಲ್ಲೂ ಕಪ್ಪಾಯಿತು.

ಹೇಳಿದ ದಿನಕ್ಕೆ 150 ದೀಪ ಕೊಟ್ಟೆವು. ಹದಿನೈದು ದಿನಕ್ಕೆ 34 ವಾಪಸು ಬಂದವು. ಒಳಗೆ ಬೂಷ್ಟು, ವಾಸನೆ, ಕೆಲವು ಮೆತ್ತಗಾಗಿದ್ದವು. ತಪ್ಪು ನಮ್ಮದೇ, ಹಸಿ ಬುರುಡೆ ಕೆಲಸಕ್ಕೆ ಹಚ್ಚಿದ್ದು. ಅದರ 13,600 ಹಿಡಿದುಕೊಂಡರು. ಬಾಕಿ 31,400 ಕೈಗೆ ಬಂದದ್ದು ಏಳು ತಿಂಗಳ ಮೇಲೆ. ಅಷ್ಟರಲ್ಲಿ ಲಾಕ್‌ಡೌನೂ ಬಂದುಹೋಗಿತ್ತು. ಅಲ್ಲಿಯ ತನಕ ಮಕ್ಕಳ ಫೀಸಿಗೆ ಸಾಲ.

ಹಾಲಿನ ಪುಸ್ತಕದ ಹಿಂಬದಿ

2020ರ ಮಾರ್ಚ್ ಕೊನೆಗೆ ಎಲ್ಲ ಮುಚ್ಚಿತು. ಆ ವರ್ಷ ದಸರಾವೂ ಸರಳ, ಮೇಳಗಳಿಲ್ಲ. "ಇನ್ನು ಮೇಲೆ ಈ ಕೈ ಬುರುಡೆ ಮುಟ್ಟಲ್ಲ" ಅಂತ ನನ್ನಾಕೆ ಹೇಳಿಬಿಟ್ಟಿದ್ದಳು. ಒಂದು ದಿನ ಮಧ್ಯಾಹ್ನ ಅವಳು ಡೈರಿ ಹಾಲಿನ ಲೆಕ್ಕ ಬರೆಯುವ ಪುಸ್ತಕ ತಂದು ನನ್ನ ಮುಂದಿಟ್ಟಳು. ಹಿಂಬದಿ ಹಾಳೆಗಳಲ್ಲಿ ಗೀಟು, ಗೀಟು, ಗೀಟು. ಒಂದು ಗೀಟಿಗೆ ಒಂದು ಗಂಟೆ. ಮೊದಲ ದೀಪದಿಂದ ಬರೆದಿಟ್ಟಿದ್ದಳು.

ಕೂತು ಕೂಡಿದೆವು. ಪೊರೆ ತೆಗೆದು ಉಜ್ಜಲು ಒಂದೂವರೆ ಗಂಟೆ, ಕೊಯ್ದು ಒಳಗೆ ಕೆರೆಯಲು ಒಂದು, ಚಿತ್ರ ಬರೆದು ತೂತು ಕೊರೆಯಲು ಐದು, ಬಣ್ಣ–ವಾರ್ನಿಶ್ ಒಂದು, ವೈರು ಕೂರಿಸಲು ಅರ್ಧ. ಒಟ್ಟು ಒಂಬತ್ತು ಗಂಟೆ. ಆಗ ನಮ್ಮ ಕಡೆ ಹೆಣ್ಣಾಳಿಗೆ ಎಂಟು ಗಂಟೆಗೆ 350 ಕೂಲಿ. ಹಾಗೆ ನೋಡಿದರೆ ಒಂದು ದೀಪದ ಅಸಲು ಹೀಗೆ:

ಕೂಲಿ 394
ಸಾಮಾನು 160
ಬುರುಡೆ ಬೆಳೆದ ಖರ್ಚು 40
ಬಸ್ಸು, ಮಳಿಗೆ, ಒಡೆದದ್ದು 60
ಒಟ್ಟು 654 ರೂಪಾಯಿ

ನಾವು ಮಾರಿದ್ದು 450ಕ್ಕೆ. ಪ್ರತಿ ದೀಪದ ಜೊತೆ 204 ರೂಪಾಯಿ ನಾವೇ ಗಿರಾಕಿ ಕೈಗಿಟ್ಟು ಕಳಿಸುತ್ತಿದ್ದೆವು.

ದೊಡ್ಡ ಆರ್ಡರಿನ ಲೆಕ್ಕ ಇನ್ನೂ ಚೆಂದ. ಬಂದದ್ದು 46,400. ಸಾಮಾನಿಗೆ 24,000. ಉಳಿದದ್ದು 22,400. ದುಡಿದದ್ದು 1,350 ಗಂಟೆ. ಎಂಟು ಗಂಟೆಗೆ 133 ರೂಪಾಯಿ ಬಿತ್ತು. ಅದರಲ್ಲಿ ಕಳೆದುಹೋದ ಐದು ಕ್ವಿಂಟಲ್ ರಾಗಿಗೆ ಆ ವರ್ಷದ ಬೆಂಬಲ ಬೆಲೆ 3,150ರಂತೆ 15,750 ತೆಗೆದರೆ ಉಳಿಯೋದು 6,650. ಗಂಟೆಗೆ ಐದು ರೂಪಾಯಿ! ಔಷಧಿ ಖರ್ಚು ಸೇರಿಸಿಲ್ಲ.

ಸಾಬರು ಕೇಳಿದ 'ಎಷ್ಟು ಗಂಟೆ' ಅನ್ನೋದು ಆಗ ತಲೆಗೆ ಹೋಯಿತು. ನಾವು ರೈತರು ಗೊಬ್ಬರದ ಲೆಕ್ಕ ಇಡುತ್ತೇವೆ, ಟ್ರ್ಯಾಕ್ಟರ್ ಬಾಡಿಗೆ ಬರೆಯುತ್ತೇವೆ. ಮನೆಯವರ ಮೈಮುರಿದ ದುಡಿಮೆಗೆ ಮಾತ್ರ ಬೆಲೆ ಕಟ್ಟೋದಿಲ್ಲ. ಬೇಸಾಯದಲ್ಲಿ ಮಾಡಿದ ಇದೇ ತಪ್ಪನ್ನು ಕಸುಬಿಗೂ ತಂದಿದ್ದೆವು. ಹೆಂಡತಿಯ ಕೂಲಿ ನುಂಗಿ 'ಲಾಭ' ಅಂತ ಜೇಬು ಮುಟ್ಟಿಕೊಂಡವನು ನಾನು.

ಮತ್ತೆ ಶುರು ಮಾಡಿದ ಬಗೆ

ಅಟ್ಟದಲ್ಲಿ ಚೆನ್ನಾಗಿ ಒಣಗಿದ ಬುರುಡೆ ಉಳಿದಿದ್ದವು. ಇದರ ಒಳ್ಳೆ ಗುಣ ಅದೇ. ಟೊಮೆಟೊ ಥರ ಇವತ್ತೇ ಮಾರಬೇಕು ಅಂತಿಲ್ಲ. ನೀರು, ಇಲಿ ತಾಗದಂತೆ ಇಟ್ಟರೆ ವರ್ಷಗಟ್ಟಲೆ ಇರುತ್ತವೆ. ನನ್ನಾಕೆ ಎರಡು ಕರಾರು ಹಾಕಿದಳು: ರಾತ್ರಿ ಎಂಟಾದ ಮೇಲೆ ಕೆಲಸ ಇಲ್ಲ, ಗಂಟೆ ಲೆಕ್ಕ ಹಾಕದೆ ಬೆಲೆ ಹೇಳೋ ಹಾಗಿಲ್ಲ. ಮೂಗಿಗೆ ಮಾಸ್ಕು, ಕೆರೆಯೋದು ಮನೆ ಹೊರಗೆ ಅನ್ನೋದನ್ನು ನಾನು ಸೇರಿಸಿದೆ.

ಯಾವುದಕ್ಕೆ ಗಂಟೆ ಕಡಿಮೆ, ಬೆಲೆ ಪರವಾಗಿಲ್ಲ ಅಂತ ಹುಡುಕಿದೆವು. ಹಕ್ಕಿಗೂಡಿಗೆ ಒಂದೂವರೆ ಗಂಟೆ ಸಾಕು. ಒಂದು ತೂತು, ಅಡಿಗೆ ನೀರು ಬಸಿಯಲು ಎರಡು ಸಣ್ಣ ತೂತು, ನೇತುಹಾಕಲು ಹಗ್ಗ. ಕಾಯಿಯ ಮೈಮೇಲಿನ ಕಲೆ ಅಲ್ಲಿ ದೋಷವಲ್ಲ. ಪುಟ್ಟ ಬುರುಡೆಯಲ್ಲಿ ರೈತ ದಂಪತಿ ಗೊಂಬೆ ಮಾಡಿದೆವು, ಜೋಡಿಗೆ ಎರಡು ಗಂಟೆ. ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವವರು ಪಟ್ಟದ ಗೊಂಬೆಯ ಜೊತೆ ಹಳ್ಳಿ, ಸಂತೆ ಅಂತ ಜೋಡಿಸಲು ವರ್ಷವೂ ಹೊಸ ಗೊಂಬೆ ಹುಡುಕುತ್ತಾರೆ. ಉದ್ದ ಕತ್ತಿನದರಲ್ಲಿ ಸೌಟು, ಉರುಟಿನದರಲ್ಲಿ ಬೀಜದ ಡಬ್ಬಿ. ಸೌಟಿನಂಥ ಅಡುಗೆ ಸಾಮಾನಿಗೆ ವಾರ್ನಿಶ್ ಹಚ್ಚಬಾರದು. ನೀರು ಹಾಕಿ ಎರಡು ಮೂರು ಸಲ ಕುದಿಸಿ ಕಹಿ ತೆಗೆಯಬೇಕು. ದೀಪ ಈಗ ಹೇಳಿ ಮಾಡಿಸಿಕೊಳ್ಳುವವರಿಗೆ ಮಾತ್ರ, ಬೆಲೆ 1,100.

ಬೆಲೆ ಏರಿಸಿದಾಗ ಗಿರಾಕಿ ಓಡಿಹೋಗುತ್ತಾರೆ ಅಂತ ಹೆದರಿದ್ದೆ. ಕೆಲವರು ಹೋದರು. ಉಳಿದವರಿಗೆ ಬುರುಡೆ ಹೇಗೆ ಬೆಳೆಯಿತು, ಎಷ್ಟು ಗಂಟೆ ಹಿಡಿಯಿತು ಅಂತ ಸಣ್ಣ ಚೀಟಿಯಲ್ಲಿ ಬರೆದು ಕಟ್ಟಿದೆವು. ಚೀಟಿ ಓದಿದವರು ಚೌಕಾಸಿ ಮಾಡೋದು ಕಡಿಮೆಯಾಯಿತು.

ಎಲ್ಲಿ ಮಾರೋದು?

ನಗರದ ಒಂದು ಅಂಗಡಿಗೆ 'ಮಾರಿದ ಮೇಲೆ ದುಡ್ಡು' ಅನ್ನೋ ಮಾತಿನ ಮೇಲೆ 20 ಸಾಮಾನು ಕೊಟ್ಟೆವು. ಎಂಟು ತಿಂಗಳ ಮೇಲೆ ಒಂಬತ್ತಕ್ಕೆ ದುಡ್ಡು, ಮೂಲೆ ಒಡೆದ ಆರು ವಾಪಸು, ಐದಕ್ಕೆ ಲೆಕ್ಕವೇ ಇಲ್ಲ. ಈಗ ಅಂಗಡಿಗೆ ನಗದಿಗೆ ಮಾತ್ರ. ರಿಯಾಯಿತಿ ಬೇಕಾದರೆ ಕೊಡುತ್ತೇವೆ, ಸಾಲ ಇಲ್ಲ.

ನಾವೇ ಕೂತು ಮಾರೋದಕ್ಕೆ ವರ್ತುಲ ರಸ್ತೆಯ ಜೆಎಸ್‌ಎಸ್ ಅರ್ಬನ್ ಹಾತ್‌ನಲ್ಲಿ ಆಗಾಗ ಕರಕುಶಲ ಮೇಳ ಇರುತ್ತದೆ. ದಸರಾ ದಿನಗಳು ಹೇಗೂ ಇವೆ. ಮೇಳಗಳಲ್ಲಿ ಜಾಗ ಕೇಳುವಾಗ ಕೇಂದ್ರದ ಹಸ್ತಶಿಲ್ಪ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ 'ಪೆಹಚಾನ್' ಗುರುತಿನ ಚೀಟಿ ಅನುಕೂಲಕ್ಕೆ ಬರುತ್ತದೆ. 2023ರಲ್ಲಿ ಶುರುವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುರುಡೆ ಕೆಲಸ ಅಂತ ಬೇರೆಯಾಗಿ ಇಲ್ಲ. ಬುಟ್ಟಿ–ಚಾಪೆ, ಗೊಂಬೆ–ಆಟಿಕೆ ಮಾಡುವವರು ಅದರಲ್ಲಿ ಇದ್ದಾರೆ. ಆ ಕೆಲಸ ಬಲ್ಲವರು ವಿಚಾರಿಸಿ.

ದೊಡ್ಡ ಆರ್ಡರ್ ಈಗಲೂ ಬರುತ್ತದೆ. ಮೂರು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಒಣಗಿದ ಬುರುಡೆ ಅಟ್ಟದಲ್ಲಿ ಇದೆಯಾ? ಹೊಲದ ಕೆಲಸ ಯಾವುದಿದೆ? ಅರ್ಧ ದುಡ್ಡು ಮುಂಗಡ ಕೊಡುತ್ತಾರಾ? ಮೂರಕ್ಕೂ ಸರಿಯಾದ ಉತ್ತರ ಇಲ್ಲಾಂದ್ರೆ ಕೈಮುಗಿದು ಕಳಿಸುತ್ತೇವೆ. ಕಳೆದ ವರ್ಷ ರಾಗಿ ಕಟಾವಿನ ಹೊತ್ತಿಗೆ ಬಂದ 80 ದೀಪದ ಆರ್ಡರನ್ನು ಬಿಟ್ಟೆವು. ಕಾಳು ಮನೆಗೆ ಬಂದ ದಿನ ನನಗೆ ಅದರ ಚಿಂತೆ ಇರಲಿಲ್ಲ.

2024ರ ಲೆಕ್ಕ

ಹಕ್ಕಿಗೂಡು 160, ತಲಾ 220ರಂತೆ 35,200
ಗೊಂಬೆ 120 ಜೋಡಿ, ತಲಾ 300ರಂತೆ 36,000
ದೀಪ 24, ತಲಾ 1,100ರಂತೆ 26,400
ಸೌಟು, ಬೀಜದ ಡಬ್ಬಿ 90, ತಲಾ 150ರಂತೆ 13,500
ಒಟ್ಟು 1,11,100 ರೂಪಾಯಿ

ಸಾಮಾನು, ಚಪ್ಪರ, ಗೊಬ್ಬರಕ್ಕೆ 27,300. ಮಳಿಗೆ, ಬಸ್ಸು, ಪ್ಯಾಕಿಂಗ್‌ಗೆ 14,800. ಉಳಿದದ್ದು 69,000. ಬೆಳೆದದ್ದು, ಮಾಡಿದ್ದು, ಮೇಳದಲ್ಲಿ ಕೂತದ್ದು ಸೇರಿ 962 ಗಂಟೆ. ಎಂಟು ಗಂಟೆಗೆ 570 ರೂಪಾಯಿಯಷ್ಟು. ಇದನ್ನು ಲಾಭ ಅನ್ನಬೇಡಿ, ನ್ಯಾಯವಾದ ಕೂಲಿ ಅನ್ನಿ. ನೆರಳಲ್ಲಿ ಕೂತು, ಮನೆ ಬಾಗಿಲಲ್ಲೇ, ನಮಗೆ ಪುರಸೊತ್ತಾದಾಗ ದುಡಿದ ಕೂಲಿ. ಇದರಲ್ಲಿ ನನ್ನಾಕೆಯ ಗಂಟೆಗಳ ದುಡ್ಡು ಅವಳ ಬ್ಯಾಂಕ್ ಖಾತೆಗೇ ಹೋಗುತ್ತದೆ, ತಂಗಿಯದು ತಂಗಿಗೆ.

ಈ ಕಸುಬಿನಿಂದ ನಮ್ಮ ಬೇಸಾಯ ಬಿಟ್ಟಿಲ್ಲ, ಬಿಡೋದೂ ಇಲ್ಲ. ಐದು ಗುಂಟೆಯ ಬುರುಡೆ ಎರಡು ಎಕರೆಯ ಊಟವನ್ನು ಕಸಿಯಬಾರದು.

ಶುರು ಮಾಡಬೇಕು ಅನ್ನುವವರಿಗೆ ಒಂದೇ ಸಲಹೆ. ಮೊದಲ ವರ್ಷ ಬೇಲಿ ಮೇಲೆ ಐದು ಬಳ್ಳಿ ಹಬ್ಬಿಸಿ. ಇಪ್ಪತ್ತು ಬುರುಡೆ ಒಣಗಲಿ. ಮಿಷನ್ ಕೊಳ್ಳುವ ಮೊದಲು ಹತ್ತು ರೂಪಾಯಿಯ ಒಂದು ನೋಟು ಪುಸ್ತಕ ಕೊಂಡು, ಗಂಟೆಗೊಂದು ಗೀಟು ಎಳೆಯಿರಿ. ಗೀಟು ಎಳೆಯುವ ಕೆಲಸ ಮನೆಯ ಹೆಂಗಸರ ಕೈಲಿರಲಿ. ನಮ್ಮ ಮನೆಯಲ್ಲಿ ಅದು ನನ್ನ ಕೈಲಿದ್ದಿದ್ದರೆ ಇವತ್ತಿಗೂ ನಾನು ಬುರುಡೆ ಬಿಟ್ಟುಕೊಂಡೇ ತಿರುಗುತ್ತಿದ್ದೆ.